ಮೊದಲ ಕುರ್ಚಿಯ ಕಂಪ್ಯೂಟರು

ಗೊತ್ತಿಲ್ಲದ ವಿಷಯ ಪಾಠ ಮಾಡುವಾಗ ನನ್ನ ದನಿ ತಾನಾಗಿಯೇ ಏರುತ್ತದೆ. ಇಪ್ಪತ್ತು ವರ್ಷಗಳ ಶಿಕ್ಷಕಿ ವೃತ್ತಿಯಲ್ಲಿ ನಾನು ಸಂಪಾದಿಸಿದ ದೊಡ್ಡ ವಿದ್ಯೆ ಇದೇ. ಭಾಲ್ಕಿಯಿಂದ ಮದುವೆಯಾಗಿ ಮಹಾರಾಷ್ಟ್ರದ ಉಮರ್ಗಾಕ್ಕೆ ಬಂದ ನಾನು ತುರೋರಿ ಹತ್ತಿರದ ಕನ್ನಡ ಶಾಲೆಯಲ್ಲಿ ಭಾಷೆ ಕಲಿಸುತ್ತೇನೆ. ಕಳೆದ ತಿಂಗಳು ಕಂಪ್ಯೂಟರ್ ಮಾಸ್ತರರು ತಂಗಿಯ ಮದುವೆಗೆಂದು ಉದಗೀರಕ್ಕೆ ಹೋದಾಗ ಹೆಡ್‌ಮಾಸ್ತರರು ಅವರ ಪಾಠ ನನಗೆ ಒಪ್ಪಿಸಿದರು. “ಕಂಪ್ಯೂಟರಿನ ಇತಿಹಾಸ ಅಂದ್ರ ಕತೀನ ಅಲ್ರೀ ಬಾಯೋರೆ, ಹೇಳಿಬಿಡ್ರಿ.” ಹೇಳಿದೆ. ನಾನು ಹೇಳಿದ ಜೋರಿಗೆ ಶಾಲೆಯ ಮುಂದಿನ ಹೆದ್ದಾರಿಯ ಲಾರಿಯವರಿಗೂ ಆ ಇತಿಹಾಸ ತಿಳಿದಿರಬೇಕು.

ಮೊದಲು ಮಣಿಗಳ ಚೌಕಟ್ಟು, ಆಮೇಲೆ ಹಲ್ಲಿನ ಗಾಲಿಗಳ ಯಂತ್ರ, ಆಮೇಲೆ ಕೋಣೆ ತುಂಬುವ ಕಂಪ್ಯೂಟರು. ಅದರೊಳಗೆ ದೀಪದ ಬುರುಡೆಯಂಥ ಸಾವಿರಾರು ವಾಲ್ವುಗಳು. ವಾಲ್ವು ಹೊತ್ತಿದರೆ ಒಂದು, ಆರಿದರೆ ಸೊನ್ನೆ. ಇಷ್ಟಕ್ಕೆ ಐದನೆಯ ತರಗತಿಯ ಭಾಗ್ಯಶ್ರೀ ಎದ್ದು, “ಬರೇ ಒಂದು, ಸೊನ್ನಿ ಇಟಗೊಂಡು ಐದು ಹ್ಯಾಂಗ ಎಣಸ್ತದ್ರಿ?” ಎಂದಳು. ನನ್ನ ದನಿ ಇಳಿಯಿತು.

ಆ ಸಂಜೆ ಮೊಬೈಲು ನೋಡಿ, ಹುಣಸೆ ಬೀಜ ಜೋಡಿಸಿ ಕಲಿತೆ. ಮರುದಿನ ನಾಲ್ವರನ್ನು ಸಾಲಾಗಿ ಕುರ್ಚಿಗಳ ಮೇಲೆ ಕೂರಿಸಿದೆ. ಮೊದಲ ಕುರ್ಚಿಯ ಭಾಗ್ಯಶ್ರೀಯ ಬೆಲೆ ಒಂದು. ಮುಂದಿನವರದು ಎರಡು, ನಾಲ್ಕು. ಕೊನೆಯ ಪ್ರಭುವಿನದು ಎಂಟು. ನಿಂತವರ ಬೆಲೆ ಕೂಡಿಸಿದರೆ ಸಂಖ್ಯೆ. ನಾನು ಚಪ್ಪಾಳೆ ತಟ್ಟಿದಾಗಲೆಲ್ಲ ಭಾಗ್ಯಶ್ರೀ ಕೂತಿದ್ದರೆ ಏಳಬೇಕು, ನಿಂತಿದ್ದರೆ ಕೂರಬೇಕು. ಮಿಕ್ಕವರು ತಮ್ಮ ಹಿಂದಿನ ಕುರ್ಚಿಯವರು ನಿಂತಿದ್ದು ಕೂತಾಗ ಮಾತ್ರ ಹಾಗೆ ಮಾಡಬೇಕು. ಐದನೆಯ ಚಪ್ಪಾಳೆಗೆ ಒಂದೂ ನಾಲ್ಕೂ ನಿಂತಿದ್ದವು. ಮಕ್ಕಳಿಗಿಂತ ನನಗೇ ಹೆಚ್ಚು ಆನಂದ.

ಏಳನೆಯ ಚಪ್ಪಾಳೆ ತಟ್ಟಿದಾಗ ಬಾಗಿಲಲ್ಲಿ ಭಾಗ್ಯಶ್ರೀಯ ಅಜ್ಜಿ ನೀಲಮ್ಮ. ಮೊಮ್ಮಗಳು ಮರೆತ ಬುತ್ತಿ ಹಿಡಿದು ದಾಳಿಂಬ ಊರಿನಿಂದ ಆಟೋದಲ್ಲಿ ಬಂದಿದ್ದರು.

“ಯಾಕ ಬಾಯೋರೆ, ನಮ್ಮ ಹುಡುಗಿಗಿ ಬಸ್ಕಿ ಹೊಡಸ್ಲಾಕತ್ತೀರಿ? ಏನ್ ತಪ್ಪ ಮಾಡ್ಯಾಳ?”

“ತಪ್ಪೇನಿಲ್ರೀ ಅವ್ವಾ, ಆಕಿ ಕಂಪ್ಯೂಟರ್ ಆಗ್ಯಾಳ.”

“ಮತ್ತ ಆ ಕಡೀ ಹುಡುಗ ಗೌಡನಂಗ ಕುಂತಾನಲ್ಲ?”

“ಅಂವಂದು ಎಂಟ್ರೀ. ಇನ್ನೊಂದು ಚಪ್ಪಾಳಿಗಿ ಏಳ್ತಾನ.”

“ದುಡ್ಯಾಕಿ ಬೆಲಿ ಒಂದು, ಕುಂತಾಂವನ ಬೆಲಿ ಎಂಟು. ಇದರಾಗ ಹೊಸಾದೇನದ?”

ಮೊಮ್ಮಗಳ ಕುರ್ಚಿ ಬದಲಾಗದೆ ಬುತ್ತಿ ಕೆಳಗಿಡುವುದಿಲ್ಲ ಎಂದು ಅವರು ಹೊಸ್ತಿಲಲ್ಲೇ ಕೂತರು. ಭಾಗ್ಯಶ್ರೀಯನ್ನು ಎಂಟರ ಕುರ್ಚಿಗೆ ಕಳಿಸಿದೆ. ಒಂದರ ಕುರ್ಚಿಗೆ ಬಾ ಎಂದರೆ ಪ್ರಭುವಿಗೆ ಹೊಟ್ಟೆನೋವು ಬಂತು. ಬೇರೆ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಚಪ್ಪಾಳೆಯ ಕೆಲಸ ನೀಲಮ್ಮನವರಿಗೆ ಕೊಟ್ಟು ನಾನೇ ಮೊದಲ ಕುರ್ಚಿಯಲ್ಲಿ ಕೂತೆ. ಎಣಿಕೆ ಮತ್ತೆ ಒಂದರಿಂದ ಶುರುವಾಯಿತು.

ಅವರು ರೊಟ್ಟಿ ಬಡಿದ ಕೈಯವರು, ಲಯ ತಪ್ಪಲಿಲ್ಲ. ಎಂಟನೆಯ ಚಪ್ಪಾಳೆಗೆ ನಾವು ಮೂವರೂ ಕುಸಿದು ಕೂತಾಗ ಭಾಗ್ಯಶ್ರೀ ಒಬ್ಬಳೇ ಎದ್ದು ನಿಂತಳು. ಅಜ್ಜಿಯ ಮುಖ ಅರಳಿತು. ಹದಿನೈದು ಮುಗಿಯುವ ಹೊತ್ತಿಗೆ ಹೆಡ್‌ಮಾಸ್ತರರು ಬಂದು, “ಭಾಳ ಛಂದ ಅದರೀ, ನಾ ಮೊದಲಿಂದು ನೋಡ್ಲಿಲ್ಲ, ಇನ್ನೊಮ್ಮಿ ಮಾಡ್ರಿ” ಎಂದರು. ಮಾಡಿದೆ.

ಅಂದಿನಿಂದ ಶಾಲೆಯ ಕಂಪ್ಯೂಟರು ಒಂದು ಪುಟ ತೆರೆಯಲು ಎಷ್ಟೇ ಹೊತ್ತು ಮಾಡಲಿ, ನಾನು ಬೈಯುವುದಿಲ್ಲ. ಒಳಗೆ ಮೊದಲ ಕುರ್ಚಿಯಲ್ಲಿ ಯಾರ ಮಂಡಿ ಹಿಡಿದುಕೊಂಡಿದೆಯೋ ಏನೋ.