ಎಡಕ್ಕೆ ತಿರುಗಿದರೆ ಕಟಕ್

"ಗ್ಯಾರೇಜೂ ಬೇಡ, ಮೆಕ್ಯಾನಿಕ್ಕೂ ಬೇಡ. ಕಾರಿನೊಳಗೆ ಕೂತಿರೋ ಕಳ್ಳನ್ನ ನಾನೇ ಹಿಡೀತೀನಿ," ಎಂದು ಶನಿವಾರ ಬೆಳಿಗ್ಗೆ ಮೇಷ್ಟ್ರು ಕಾಫಿ ಲೋಟ ಕುಕ್ಕಿ ಘೋಷಿಸಿದರು.

ಸುಮ್ಮನೆ ಆಡಿದ ಮಾತಲ್ಲ ಅದು. ಇಪ್ಪತ್ತೆರಡು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ನಕಲು ಚೀಟಿ ಹಿಡಿದು ಹಿಡಿದು 'ಹದ್ದು' ಎಂಬ ಬಿರುದು ಸಂಪಾದಿಸಿದವರು ಅವರು. ಕಾಲರಿನ ಮಡಿಕೆ, ಚಪ್ಪಲಿಯ ಅಟ್ಟೆ, ಬ್ಯಾಂಡೇಜು ಸುತ್ತಿದ ಹೆಬ್ಬೆರಳು, ಯಾವುದೂ ಅವರ ಕಣ್ಣಿನಿಂದ ತಪ್ಪಿಸಿಕೊಂಡದ್ದಿಲ್ಲ. ಅಂಥವರಿಗೆ ಕಾರು ಎಡಕ್ಕೆ ತಿರುಗಿದಾಗಲೆಲ್ಲ ಮುಂದಿನ ಚಕ್ರದಿಂದ ಬರುವ ಒಂದು 'ಕಟಕ್' ಯಾವ ಮಹಾ!

ಆದರೆ ಸಮಯವಿರಲಿಲ್ಲ. ಸೋಮವಾರದಿಂದ ಹೆಂಡತಿಗೆ ಊರಾಚೆಯ ಆಸ್ಪತ್ರೆಯ ಲ್ಯಾಬಿನಲ್ಲಿ ಹೊಸ ಕೆಲಸ. ಲೈಸೆನ್ಸ್ ಬಂದು ತಿಂಗಳಾಗಿತ್ತು. ಇನ್ನು ಮೇಲೆ ಕಾರು ತನಗೆ ಎಂದು ಅವಳು ಹೇಳಿಟ್ಟಿದ್ದಳು. ಸದ್ದು ಹೋಗುವವರೆಗೆ ಕೀ ಕೊಡುವುದಿಲ್ಲ ಎಂದು ಇವರು ಹೇಳಿಟ್ಟಿದ್ದರು. ಇದ್ದದ್ದೇ ಒಂದು ಕೀ. ಎರಡನೆಯದು ಹೋದ ವರ್ಷ, ಭಾವಮೈದ ಪದೇ ಪದೇ ಕಾರು ಕೇಳಲು ಶುರುಮಾಡಿದ ವಾರವೇ, ಕಳೆದುಹೋಗಿತ್ತು.

"ನನಗ್ಯಾಕೋ ಅನುಮಾನ ಕಣ್ರೀ," ಎಂದಳು ಹೆಂಡತಿ. "ನನಗೆ ಕೆಲಸದ ಪತ್ರ ಬಂದಿದ್ದು ಸೋಮವಾರ. ಸದ್ದು ಶುರುವಾಗಿದ್ದು ಮಂಗಳವಾರ."

"ಅಂದ್ರೆ, ನಾನೇ ಸದ್ದು ತಂದು ಒಳಗೆ ಹಾಕಿದೆ ಅಂತಲಾ?"

"ನಾನು ಹಾಗಂದ್ನಾ?"

ಹಾಗನ್ನಲಿಲ್ಲ, ಆದರೆ ಅವರನ್ನೇ ದಿಟ್ಟಿಸಿ ನೋಡಿದಳು.

ಮೇಷ್ಟ್ರ ಅನುಮಾನಗಳೇ ಬೇರೆ. ಮೊದಲನೆಯದು ಭಾವಮೈದನ ಮೇಲೆ. ಹೋದ ಭಾನುವಾರ ಕಾರು ಒಯ್ದವನು ಅವನೇ. ಹಳ್ಳಕೊಳ್ಳ ನೋಡದೆ ಓಡಿಸುವವನು. ವಾಪಸು ತಂದು ನಿಲ್ಲಿಸುವಾಗ ನಗುತ್ತಿದ್ದ. ಕಾರಣವಿಲ್ಲದೆ ಯಾರಾದರೂ ನಗುತ್ತಾರೆಯೇ? ಎರಡನೆಯದು ಮೂಲೆ ಗ್ಯಾರೇಜಿನ ಮೆಕ್ಯಾನಿಕ್ ಮೇಲೆ. ಹದಿನೈದು ದಿನದ ಹಿಂದೆ ಟೈರು ಬದಲಾಯಿಸಿದ್ದ. ಅಷ್ಟೇ ಅಲ್ಲ, ಹತ್ತನೇ ತರಗತಿಯಲ್ಲಿ ಬೂಟಿನೊಳಗಿನ ಚೀಟಿ ಸಮೇತ ಇದೇ ಮೇಷ್ಟ್ರ ಕೈಗೆ ಸಿಕ್ಕಿ ಒಂದು ವರ್ಷ ಕಳೆದುಕೊಂಡವನು. ಇಷ್ಟು ವರ್ಷ ಕಾದು ಈಗ ಸೇಡು ತೀರಿಸಿಕೊಂಡಿರಬಹುದಲ್ಲ?

ಶಾಲೆಯ ಮೈದಾನದಲ್ಲಿ ತನಿಖೆ ನಡೆಯಿತು. ಹೆಂಡತಿ ಕಾರನ್ನು ಎಡಕ್ಕೆ ತಿರುಗಿಸುತ್ತ ಆಮೆಯ ವೇಗದಲ್ಲಿ ಸುತ್ತು ಹಾಕಬೇಕು, ಮೇಷ್ಟ್ರು ಸೊಂಟ ಬಗ್ಗಿಸಿ, ಚಕ್ರದತ್ತ ಕಿವಿ ಕೊಟ್ಟು ಪಕ್ಕದಲ್ಲೇ ಓಡಬೇಕು.

"ಕೇಳಿಸ್ತಾ?"

"ಕೇಳಿಸ್ತು. ಇನ್ನೊಂದು ಸುತ್ತು!"

ಒಂಬತ್ತನೇ ಸುತ್ತಿಗೆ ಕಾರು ಸರಿಯಾಗಿಯೇ ನಿಂತಿತು, ಮೈದಾನ ಮಾತ್ರ ನಿಲ್ಲಲಿಲ್ಲ. ಮೇಷ್ಟ್ರು ಗೋಲ್‌ಕಂಬ ಹಿಡಿದುಕೊಂಡು ಸುಧಾರಿಸಿಕೊಂಡರು. ಮೊಬೈಲಿನಲ್ಲಿ ನೋಡಿದರೆ ಒಬ್ಬ ಬಾಲ್ ಜಾಯಿಂಟ್ ಎನ್ನುತ್ತಾನೆ, ಇನ್ನೊಬ್ಬ ರಬ್ಬರ್ ಬುಶ್ ಎನ್ನುತ್ತಾನೆ. ಕೊನೆಗೆ ಹೊಲಿಗೆ ಮಿಷನ್ನಿನ ಎಣ್ಣೆಯ ಇಡೀ ಬಾಟಲಿಯನ್ನು ಚಕ್ರದ ಹಿಂದೆ ಸುರಿದರು. ಕಟಕ್ ಎಂಬುದು ಈಗ ಇನ್ನೂ ನುಣುಪಾಗಿ ಕೇಳಿಸತೊಡಗಿತು.

ಹೆಂಡತಿ ಇಳಿಯಲಿಲ್ಲ, ಕೀ ಬಿಡಲಿಲ್ಲ. ಮೇಷ್ಟ್ರನ್ನು ಪಕ್ಕಕ್ಕೆ ಕೂರಿಸಿಕೊಂಡು ನೇರ ಗ್ಯಾರೇಜಿಗೇ ಓಡಿಸಿದಳು.

"ಏನೇ ಬಿಚ್ಚಿದ್ರೂ ನನ್ನ ಕಣ್ಮುಂದೆ ಬಿಚ್ಚಬೇಕು," ಎಂದರು ಮೇಷ್ಟ್ರು, ಮೆಕ್ಯಾನಿಕ್‌ನ ಕೈಗಳನ್ನೇ ನೋಡುತ್ತ. "ನಿನ್ನ ಜೇಬು ಖಾಲಿ ಇದೆಯಾ?"

ಮೆಕ್ಯಾನಿಕ್ ನಕ್ಕು ಎರಡೂ ಜೇಬು ಹೊರಗೆಳೆದು ತೋರಿಸಿದ. ಕಾರನ್ನು ಜಾಕಿನ ಮೇಲೆ ಎತ್ತಿ, ಎಡಗಡೆಯ ಚಕ್ರ ಬಿಚ್ಚಿ, ಟಾರ್ಚ್ ಹಾಕಿದ.

"ಜಾಯಿಂಟು ಗಟ್ಟಿಯಾಗಿದೆ, ಬುಶ್ಶೂ ಚೆನ್ನಾಗಿದೆ. ಸ್ಪ್ರಿಂಗ್ ಬುಡದಲ್ಲಿ ಏನೋ ಸಿಕ್ಕೊಂಡಿದೆ ನೋಡಿ. ಚಕ್ರ ತಿರುಗಿಸಿದಾಗ ಸ್ಪ್ರಿಂಗು ಅದಕ್ಕೆ ಬಡೀತಿದೆ."

"ನಾನು ಹೇಳ್ಲಿಲ್ವಾ?" ಮೇಷ್ಟ್ರ ಧ್ವನಿ ಏರಿತು. "ಯಾರೋ ಬೇಕಂತಲೇ ಇಟ್ಟಿದ್ದಾರೆ! ತೆಗಿ. ಸಾಕ್ಷಿಗೆ ನನ್ನ ಹೆಂಡ್ತೀನೂ ಇದ್ದಾಳೆ."

ಮೆಕ್ಯಾನಿಕ್ ಕೊಕ್ಕೆ ಹಾಕಿ ಎಳೆದ. ಎಣ್ಣೆಯಲ್ಲಿ ಮಿಂದ ಒಂದು ಪುಟ್ಟ ತಗಡಿನ ಡಬ್ಬಿ ಹೊರಬಂತು, ಬೆನ್ನಿಗೆ ಅಯಸ್ಕಾಂತ. ಅದನ್ನು ಕಂಡದ್ದೇ ಮೇಷ್ಟ್ರು ಕೈ ಚಾಚಿದರು, ಅಷ್ಟರಲ್ಲಿ ಹೆಂಡತಿ ಅದನ್ನು ಎತ್ತಿಕೊಂಡಿದ್ದಳು. ಮುಚ್ಚಳ ತೆಗೆದಳು. ಒಳಗೆ ಹತ್ತಿಯಲ್ಲಿ ಸುತ್ತಿಟ್ಟ ಕಾರಿನ ಕೀ ಇತ್ತು. ಜೊತೆಗೆ, ಶಾಲೆಯ ದಾಖಲೆಯಂತೆ, ಮೇಷ್ಟ್ರ ಮುದ್ದಾದ ಕೈಬರಹದಲ್ಲಿ ಒಂದು ಚೀಟಿ: 'ಎರಡನೇ ಕೀ. ಗೋಪ್ಯ.'

ಭಾವಮೈದನ ಕೈಗೆ ಸಿಗದಂತೆ ಹೋದ ವರ್ಷ ಚಕ್ರದ ಮೇಲಿನ ಸಂದಿಯಲ್ಲಿ ಅಂಟಿಸಿಟ್ಟದ್ದು, ಕಾರು ಎಂಥ ಹಳ್ಳಕ್ಕೆ ಇಳಿದರೂ ಅಲ್ಲೇ ಇರುತ್ತದೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಜೀವಮಾನದಲ್ಲಿ ಅವರು ಅನುಮಾನಪಡದೆ ಬಿಟ್ಟದ್ದು ಅದೊಂದನ್ನೇ.

"ಜಾಗ ಚೆನ್ನಾಗಿದೆ ಮೇಷ್ಟ್ರೇ," ಎಂದ ಮೆಕ್ಯಾನಿಕ್, ನಿಜವಾದ ಗೌರವದಿಂದ. "ಆಗ ನನಗೆ ಹೊಳೆದಿದ್ರೆ ಪಾಸಾಗಿಬಿಡ್ತಿದ್ದೆ."

ಮೇಷ್ಟ್ರಿಗೆ ನಾಚಿಕೆಯಾಯಿತು. ಮೆಕ್ಯಾನಿಕ್ ಚಕ್ರ ಹಾಕಿ ಕಾರು ಇಳಿಸಿದ ಕೂಡಲೇ, ಅವನ ಮುಖ ನೋಡಲಾಗದೆ ಸದ್ದಿಲ್ಲದೆ ಹೋಗಿ ಮುಂದಿನ ಸೀಟಿನಲ್ಲಿ ಕುಳಿತರು. ಹೆಂಡತಿ ಎರಡೂ ಕೀಗಳನ್ನು ಒಂದೇ ಕೀಚೈನಿಗೆ ಪೋಣಿಸಿ, ಸ್ಟೇರಿಂಗ್ ಮುಂದೆ ಕೂತು, ಮೆತ್ತಗೆ ಕೇಳಿದಳು:

"ರೀ, ಚೀಟಿ ಸಮೇತ ಸಿಕ್ಕಿಬಿದ್ದೋರನ್ನ ನೀವೇನ್ ಮಾಡ್ತೀರಿ?"

"ಹೊರಗೆ ಕಳಿಸ್ತೀವಿ," ಎಂದರು ಮೇಷ್ಟ್ರು, ಇಪ್ಪತ್ತೆರಡು ವರ್ಷಗಳ ಅಭ್ಯಾಸಬಲದಿಂದ.

"ಹಾಗಾದ್ರೆ ಇಳೀರಿ."

ಇಳಿದರು. ಕಾರು ಗ್ಯಾರೇಜು ದಾಟಿ ರಸ್ತೆಯ ತುದಿಗೆ ಹೋಗಿ ಎಡಕ್ಕೆ ತಿರುಗಿತು. ಮೇಷ್ಟ್ರು ಅಭ್ಯಾಸದಂತೆ ಕಿವಿಗೊಟ್ಟು ನಿಂತರು. ಒಂದಿಷ್ಟೂ ಸದ್ದಿರಲಿಲ್ಲ.