ನಾನು ಕಾಪಾಡಿದ ಕುಟ್ಟೆಹುಳಗಳು

ನೀರು ಕುದಿಸುವುದು ದೊಡ್ಡ ವಿದ್ಯೆಯಲ್ಲ ಎಂಬ ಅಚಲ ನಂಬಿಕೆ ನನಗಿತ್ತು. ಮೂಡುಬಿದಿರೆಯ ಶಾಲೆಯೊಂದರಲ್ಲಿ ಇಡೀ ಜೀವಮಾನ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ಸಾವಿರಾರು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಆದ್ದರಿಂದ ನೆರೆಮನೆಯ ಗಿರಿಜಕ್ಕ ಒಂದು ಚೀಲ ಕಾಡುಬೀಜ ಮುಂದಿಟ್ಟುಕೊಂಡು, ಕುದಿಸುವುದು ಹೇಗೆಂದು ಚಿಂತೆ ಮಾಡುತ್ತಿದ್ದಾಗ ಹಿಂದೆಮುಂದೆ ನೋಡದೆ ಹೇಳಿಬಿಟ್ಟೆ.

"ಅದನ್ನು ನನಗೆ ಬಿಡಿ ಗಿರಿಜಕ್ಕ!"

ಗಿರಿಜಕ್ಕನದು ಬೀಜದ ಮಾಲೆ ಮಾಡುವ ಕೈ. ಕೆಂಪು ಮಂಜೊಟ್ಟಿ, ಕಪ್ಪು ಅಂಟುವಾಳ, ಹೆಸರೇ ಗೊತ್ತಿಲ್ಲದ ಕಂದು ಬೀಜಗಳು, ಎಲ್ಲವನ್ನೂ ಬಾಳೆನಾರಿನಲ್ಲಿ ಪೋಣಿಸುತ್ತಿದ್ದರು. ಮಂಗಳೂರಿನ ಒಂದು ಸಂಸ್ಥೆಯವರು ಅದನ್ನು ನೋಡಿ ನಲವತ್ತು ಮಾಲೆ ಬೇಕೆಂದರು. ಅವರದು ನ್ಯಾಯದ ವ್ಯಾಪಾರವಂತೆ. ಮಾಡಿದವರಿಗೆ ಸರಿಯಾದ ಬೆಲೆ, ಪ್ರತಿ ಮಾಲೆಗೂ ಮಾಡಿದವರ ಹೆಸರಿನ ಚೀಟಿ. ಆದರೆ ಯಾವ ರಾಸಾಯನಿಕವೂ ಸೋಕಬಾರದು. ತಮ್ಮ ಹೆಸರು ಅಚ್ಚಾದ ಚೀಟಿಯನ್ನು ಗಿರಿಜಕ್ಕ ಮೂಗಿನ ಹತ್ತಿರ ಹಿಡಿದು ಎರಡು ಸಲ ಓದಿದರು.

ಮೂಗಿನ ಹತ್ತಿರ ಹಿಡಿಯಲು ಕಾರಣವಿತ್ತು. ಬಿ.ಸಿ.ರೋಡಿನ ಡಾಕ್ಟರು ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದಿದ್ದರು.

"ಇನ್ನು ಎರಡು ಮೂರು ತಿಂಗಳು ಸೂಜಿ ಕಂಡೀತು ಮಾಸ್ಟ್ರೇ. ಅಷ್ಟರೊಳಗೆ ನಲವತ್ತು ಮುಗಿಸ್ತೇನೆ. ಮತ್ತೆ ಕಣ್ಣು ಹೋದರೆ ಹೋಗ್ಲಿ, ಮಾಲೆ ಉಂಟಲ್ಲ!" ಎಂದರು.

ಬೀಜ ಹಾಳಾಗದೆ ಬಾಳಬೇಕಾದರೆ ಪೋಣಿಸುವ ಮೊದಲು ಅದನ್ನು ಕುದಿಯುವ ನೀರಿಗೆ ಹಾಕಿ ತೆಗೆದು ಒಣಗಿಸಬೇಕು. ಅವರ ಮನೆಯಲ್ಲಿ ಸೌದೆ ಒಲೆ, ಹೊಗೆ ಕಣ್ಣಿಗೆ ಆಗದು. ಅದಕ್ಕೇ ನನ್ನ ಈ ಮಹಾನ್ ಸೇವೆ.

ಚೀಲವನ್ನು ಮನೆಗೆ ತಂದು ಪಾತ್ರೆಯಲ್ಲಿ ನೀರಿಟ್ಟೆ. ನೀರು ಕುದಿಯಿತು. ಅಲ್ಲಿಯವರೆಗೆ ವಿಜ್ಞಾನ ನನ್ನ ಕೈಬಿಡಲಿಲ್ಲ. ಬೀಜ ಸುರಿಯಬೇಕು ಎನ್ನುವಾಗ ಒಂದು ಬೀಜದ ತೂತಿನಿಂದ ಕುಟ್ಟೆಹುಳ ಮೂತಿ ಹೊರಗೆ ಹಾಕಿತು. ಹಿಂದೆಯೇ ಇನ್ನೊಂದು. ನಾವು ಜೈನರು. ಸಾಲದ್ದಕ್ಕೆ ಅಂದು ದಶಲಕ್ಷಣ ಪರ್ವದ ಮೊದಲ ದಿನ. ಬೆಳಿಗ್ಗೆಯಷ್ಟೇ ಬಸದಿಯಲ್ಲಿ ಕೈಮುಗಿದು ಬಂದ ಕೈಯಿಂದ ಜೀವಂತ ಹುಳಗಳಿಗೆ ಬಿಸಿನೀರಿನ ಅಭಿಷೇಕವೇ! ಒಲೆ ಆರಿಸಿದೆ.

"ಮನಸ್ಸಾಗದಿದ್ರೆ ವಾಪಸು ಕೊಟ್ಟು ಬನ್ನಿ," ಎಂದಳು ನನ್ನ ಹೆಂಡತಿ ಸುನಂದಾ.

"ಒಪ್ಪಿಕೊಂಡ ಕೆಲಸ ವಾಪಸು ಕೊಡ್ಲಿಕ್ಕೆ ಉಂಟಾ? ಹುಳಗಳನ್ನು ಹಿಂಸೆಯಿಲ್ಲದೆ ಹೊರಗೆ ಕಳಿಸ್ತೇನೆ, ನೋಡು!"

ಬೀಜವನ್ನು ಗೆರಸೆಗೆ ಸುರಿದು ಅಂಗಳದ ನೆರಳಲ್ಲಿಟ್ಟು, ಹುಳಗಳು ಸ್ವಇಚ್ಛೆಯಿಂದ ನಿರ್ಗಮಿಸಲಿ ಎಂದು ಕಾದು ಕುಳಿತೆ. ಒಂದು ಗಂಟೆಯಲ್ಲಿ ಏಳು ಹುಳ ಹೊರಟವು. ಏಳೂ ಅಂಗಳಕ್ಕೆ ಇಳಿದವು. ಆಚೆಮನೆಯ ಹೇಂಟೆ ಬಂದು ಏಳನ್ನೂ ಹೆಕ್ಕಿ ತಿಂದಿತು!

ನನಗೆ ನಿಜಕ್ಕೂ ದುಃಖವಾಯಿತು. ಹೇಂಟೆಯನ್ನು ಓಡಿಸಿದೆ, ಗೆರಸೆಯನ್ನು ಒಳಗಿಟ್ಟೆ, ಮತ್ತೆರಡು ದಿನ ಬೇವಿನ ಸೊಪ್ಪು ಹರಡಿದೆ. ಹುಳ ಕಾಣಲಿಲ್ಲ. ಕಾಣದ್ದು ಇಲ್ಲ ಎಂದು ತೀರ್ಮಾನಿಸಿದೆ. ಇದೇ ತಪ್ಪನ್ನು ಉತ್ತರ ಪತ್ರಿಕೆಯಲ್ಲಿ ಬರೆದ ಮಕ್ಕಳಿಗೆ ನಾನು ಸೊನ್ನೆ ಕೊಟ್ಟದ್ದುಂಟು.

"ಕುದಿಸಿದ್ರಾ ಮಾಸ್ಟ್ರೇ?" ಚೀಲ ತೆಗೆದುಕೊಳ್ಳುತ್ತಾ ಗಿರಿಜಕ್ಕ ಕೇಳಿದರು.

"ಆಯ್ತು, ಆಯ್ತು!" ಎಂದೆ. ಹುಳ ಕೊಲ್ಲಲಾಗದ ಧರ್ಮಾತ್ಮನಿಗೆ ಸುಳ್ಳು ಹೇಳಲು ಒಂದು ಕ್ಷಣವೂ ಬೇಕಾಗಲಿಲ್ಲ. ಗಿರಿಜಕ್ಕನಿಗೆ ವಿಷಯ ತಿಳಿಸಿದ್ದೇನೆ ಎಂದು ಸುನಂದಾಳನ್ನೂ ನಂಬಿಸಿದೆ.

ಎರಡು ತಿಂಗಳು ಅವರು ಜಗಲಿಯಲ್ಲಿ ಕುಳಿತು ಪೋಣಿಸಿದರು. ಮೊದಮೊದಲು ಮಧ್ಯಾಹ್ನದವರೆಗೆ, ಆಮೇಲೆ ಬಿಸಿಲು ಜಗಲಿಗೆ ನೇರ ಬೀಳುವ ಒಂದು ಗಂಟೆ ಮಾತ್ರ. ಕೊನೆಯ ಐದು ಮಾಲೆಗಳಿಗೆ ಸುನಂದಾ ಸೂಜಿಗೆ ನಾರು ಹಾಕಿಕೊಟ್ಟಳು. ನಲವತ್ತನೆಯದಕ್ಕೆ ಗಂಟು ಹಾಕಿದ ದಿನ ಗಿರಿಜಕ್ಕ ಸೂಜಿಯನ್ನು ನನ್ನ ಕೈಗೆ ಕೊಟ್ಟು, "ಇದು ಇನ್ನು ನನಗೆ ಬೇಡ, ನೀವೇ ಇಟ್ಕೊಳ್ಳಿ," ಎಂದು ನಕ್ಕರು. ನಾನೂ ನಕ್ಕೆ.

ಮಾಲೆಗಳ ಪೆಟ್ಟಿಗೆ ಇಡಲು ಅವರ ಮನೆಯಲ್ಲಿ ಇಲಿ ಕಾಟ. ಅದನ್ನೂ ನಾನೇ ವಹಿಸಿಕೊಂಡೆ. ಕಪಾಟಿನಲ್ಲಿಟ್ಟು ಭದ್ರವಾಗಿ ಬೀಗ ಹಾಕಿದೆ.

"ಒಮ್ಮೆ ತೆಗೆದು ಬಿಸಿಲಿಗೆ ಹಾಕುವ," ಎಂದಳು ಸುನಂದಾ.

"ಬಣ್ಣ ಮಾಸ್ತದೆ ಮಾರಾಯ್ತಿ!" ಎಂದೆ. ನಿಜ ಹೇಳಬೇಕೆಂದರೆ ತೆರೆದು ನೋಡಲು ನನಗೇ ಧೈರ್ಯವಿರಲಿಲ್ಲ.

ಸಂಸ್ಥೆಯ ಹುಡುಗಿ ಮೂರು ವಾರ ಬಿಟ್ಟು ಬಂದಳು. ಗಿರಿಜಕ್ಕ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಗೋಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದು ಕುಳಿತರು. ನಾನು ಪೆಟ್ಟಿಗೆ ತಂದು ಸಭೆಯ ನಡುವೆ ಇಟ್ಟು, ಸ್ವಾಗತ ಭಾಷಣದ ಧಾಟಿಯಲ್ಲಿ "ಸಂಪೂರ್ಣ ನೈಸರ್ಗಿಕ!" ಎಂದು ಘೋಷಿಸಿ ಮುಚ್ಚಳ ತೆಗೆದೆ.

ಇದಕ್ಕಿಂತ ನೈಸರ್ಗಿಕ ಇರಲಿಕ್ಕಿಲ್ಲ. ಒಳಗೆ ಕಂದು ಹುಡಿ! ಹುಡಿಯ ನಡುವೆ ಅಲ್ಲಲ್ಲಿ ಕೆಂಪು ಮಂಜೊಟ್ಟಿ. ಮೇಲೆ ಹಬ್ಬದ ಸಂಭ್ರಮದಲ್ಲಿ ಓಡಾಡುತ್ತಿರುವ ನೂರಾರು ಕುಟ್ಟೆಹುಳ! ಹುಡುಗಿ ಒಂದು ಮಾಲೆ ಎತ್ತಿದಳು. ಬೀಜಗಳು ಸಿಪ್ಪೆಯಾಗಿ ಪುಡಿಪುಡಿ ಉದುರಿ ನಾರು ಮಾತ್ರ ಕೈಯಲ್ಲಿ ಉಳಿಯಿತು.

"ಎಂತ ಆಯ್ತು? ಚಂದ ಉಂಟಾ?" ಎಂದು ಕೇಳಿದರು ಗಿರಿಜಕ್ಕ. ಅವರಿಗೆ ಪೆಟ್ಟಿಗೆಯೂ ಕಾಣುತ್ತಿರಲಿಲ್ಲ.

ಸುನಂದಾ ಗಿರಿಜಕ್ಕನ ಕೈಹಿಡಿದು ಪೆಟ್ಟಿಗೆಯೊಳಗೆ ಇಟ್ಟಳು. ಬೆರಳುಗಳು ಹುಡಿಯಲ್ಲಿ ಸ್ವಲ್ಪ ಹೊತ್ತು ಆಡಿದವು. ಆಮೇಲೆ ನಿಂತವು.

ನಾನು ಎಲ್ಲವನ್ನೂ ಹೇಳಿದೆ. ಹುಳ, ಪರ್ವ, ಹೇಂಟೆ, ಒಂದನ್ನೂ ಬಿಡಲಿಲ್ಲ. ಜೀವದಯೆ ಎಂಬ ಶಬ್ದವನ್ನು ಎರಡು ಸಲ ಬಳಸಿದೆ ಎಂದು ನೆನಪು.

"ಜೀವದಯೆಯ ಹೆಸರು ಹಾಳು ಮಾಡ್ಬೇಡಿ," ಎಂದಳು ಸುನಂದಾ. "ಆಗುವುದಿಲ್ಲ ಅಂತ ಹೇಳ್ಲಿಕ್ಕೆ ನಿಮಗೆ ಮರ್ಯಾದೆ ಅಡ್ಡ ಬಂತು, ಅಷ್ಟೆ."

ಗಿರಿಜಕ್ಕ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಅಂದೇ ಹೇಳಿದ್ರೆ ನಾನೇ ಕುದಿಸ್ತಿದ್ದೆ ಮಾಸ್ಟ್ರೇ," ಎಂದರು ಮೆಲ್ಲಗೆ. "ಆಗ ಕಣ್ಣು ಕಾಣ್ತಿತ್ತು."



ಈಗ ದಿನಾ ಸಂಜೆ ನಾನು ಅವರ ಜಗಲಿಯಲ್ಲಿ ಕುಳಿತು ಮಾಲೆ ಪೋಣಿಸುತ್ತೇನೆ. ಬೀಜವನ್ನು ಸುನಂದಾ ಕುದಿಸುತ್ತಾಳೆ, ನನ್ನನ್ನು ಒಲೆಯ ಹತ್ತಿರ ಸೇರಿಸುವುದಿಲ್ಲ. ಗಿರಿಜಕ್ಕ ಮುಟ್ಟಿ ನೋಡಿ ಬೀಜ ಆರಿಸಿ ಕೊಡುತ್ತಾರೆ. ನಾನು ಹತ್ತು ಹನ್ನೆರಡು ಪೋಣಿಸಿ, ಶಹಭಾಸ್‌ಗಿರಿ ಸಿಗಬಹುದೆಂಬ ಆಸೆಯಿಂದ ಅವರ ಕೈಗಿಡುತ್ತೇನೆ. ಅವರು ಒಮ್ಮೆ ಬೆರಳಾಡಿಸುತ್ತಾರೆ.

"ಬಿಚ್ಚಿ ಮಾಸ್ಟ್ರೇ."

ಬಿಚ್ಚುತ್ತೇನೆ. ಆರು ತಿಂಗಳಾಯಿತು, ಒಂದು ಮಾಲೆಯೂ ಮುಗಿದಿಲ್ಲ. ಆದರೆ ಬಿಚ್ಚುವುದರಲ್ಲಿ ನನ್ನಷ್ಟು ಪಳಗಿದ ಕೈ ಮೂಡುಬಿದಿರೆಯಲ್ಲೇ ಇನ್ನೊಂದಿಲ್ಲ!