ಮಾವನವರ ಜೇಬಿನ ತತ್ತಿ

ಕುದಿಸಿದ ತತ್ತಿ ಯಾವುದು, ಹಸಿ ತತ್ತಿ ಯಾವುದು ಎನ್ನುವುದೂ ನನಗೆ ತಿಳಿಯುವುದಿಲ್ಲ ಎಂದು ಬೀದರಿನ ನಮ್ಮ ನೆಂಟರೆಲ್ಲ ಇಪ್ಪತ್ತು ವರ್ಷ ನಂಬಿದ್ದರು. ಅಷ್ಟೂ ವರ್ಷ ನಾನೂ ಅದನ್ನೇ ನಂಬಿದ್ದೆ ಎನ್ನುವುದು ನನ್ನ ದಡ್ಡತನ.

ಭಾಲ್ಕಿಯಿಂದ ಸೊಸೆಯಾಗಿ ಬಂದ ಮೇಲೆ ಅದು ಮೊದಲ ಈಸ್ಟರ್. ತವರಿನಲ್ಲಿ ತತ್ತಿಗೆ ಬಣ್ಣ ಹಚ್ಚುವ ಕೆಲಸ ನನ್ನದೇ ಆಗಿತ್ತು. ಬೇವಿನ ಕಡ್ಡಿಗೆ ಹತ್ತಿ ಸುತ್ತಿ, ಅರಿಶಿಣದಲ್ಲೂ ಬೀಟ್‌ರೂಟ್ ರಸದಲ್ಲೂ ಅದ್ದಿ ಬಳ್ಳಿ ಬಿಡಿಸುತ್ತಿದ್ದೆ. ಇದನ್ನು ಕೇಳಿದ್ದ ಅತ್ತೆ, ಅಡುಗೆಮನೆಯ ಎರಡು ಬುಟ್ಟಿ ತೋರಿಸಿ, ಬಲಗಡೆಯವು ಕುದಿಸಿದ್ದು, ಎಡಗಡೆಯವು ಸಾರು ಮಾಡಲು ಇಟ್ಟ ಹಸಿ ತತ್ತಿ ಎಂದು ಹೇಳಿ ಬಿರ್ಯಾನಿಯ ಮಸಾಲೆ ಹುರಿಯಲು ಹೋದರು. ನಾನು ಬಲಗಡೆಯ ಬುಟ್ಟಿ ಎಳೆದುಕೊಂಡು ಶನಿವಾರವಿಡೀ ಕೂತು ಹೂವು, ಹಕ್ಕಿ, ಶಿಲುಬೆ ಎಲ್ಲ ಬಿಡಿಸಿದೆ. ಎಲ್ಲಕ್ಕಿಂತ ದೊಡ್ಡ ತತ್ತಿಯ ಮೇಲೆ ‘ಕರ್ತನು ಎದ್ದಿದ್ದಾನೆ’ ಎಂದು ಬರೆದೆ. ಮಾವನವರು ನನ್ನೊಡನೆ ಮಾತಾಡುವುದೇ ಅಪರೂಪ. ಮರುದಿನ ಬೆಳಿಗ್ಗೆ ಅದನ್ನು ಎರಡು ಸಲ ತಿರುಗಿಸಿ ನೋಡಿ, ಪಾಸ್ಟರಿಗೆ ಕೊಡಲೆಂದು ಬಿಳಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಹಿಗ್ಗಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆರಾಧನೆ ಮುಗಿದು ಎಲ್ಲರೂ ಅಂಗಳದಲ್ಲಿ ಹಬ್ಬದ ಶುಭಾಶಯ ಹೇಳಿಕೊಳ್ಳುತ್ತಿದ್ದಾಗ ಚಿಂತಾಕಿಯಿಂದ ಬಂದಿದ್ದ ಮಾವನವರ ಗೆಳೆಯರು ಎದುರಾದರು. ಒಕ್ಕಲುತನ ಮಾಡಿ ಗಟ್ಟಿಯಾದ ತೋಳು ಅವರದು. ಪ್ರೀತಿಯಿಂದ ಎದೆಗೆ ಎದೆ ಒತ್ತಿ ಅಪ್ಪಿಕೊಂಡರು. ಬಿಟ್ಟಾಗ ಇಬ್ಬರ ಅಂಗಿಯ ಮೇಲೂ ಹಳದಿ ಇಳಿಯುತ್ತಿತ್ತು.

“ಇದು ಕಚ್ಚಾ ಅದ ಅಲ್ರಿ,” ಎಂದರು ಗೆಳೆಯರು, ಬಹಳ ಶಾಂತವಾಗಿ.

ಅಷ್ಟರಲ್ಲಿ ಉಳಿದ ತತ್ತಿಗಳು ಏಳೆಂಟು ಮನೆಗಳಿಗೆ ಹೋಗಿಯಾಗಿತ್ತು. ನನ್ನ ಗಂಡ ಸ್ಕೂಟರ್ ಹತ್ತಿ, ಒಡೆಯಬೇಡಿರೆಂದು ಮನೆಮನೆಗೆ ಹೇಳಿ ಬಂದರು. ನೆಂಟರೆಲ್ಲ ಊಟಕ್ಕೆ ಕೂತರು. ಶಾವಿಗೆ ಖೀರು ಬಡಿಸುತ್ತಾ ಅಳುತ್ತಿದ್ದೆ. ಆಗ ಅತ್ತೆ ಎಲ್ಲರಿಗೂ ಕೇಳುವಂತೆ ಹೇಳಿದರು: “ಆಕಿ ತಪ್ಪಲ್ರಿ. ಬುಟ್ಟಿ ಅದಲು ಬದಲು ಹೇಳಿದಾಕಿ ನಾನು.”

ಸೊಸೆಯ ಮಾನ ಕಾಯಲು ತಪ್ಪನ್ನು ಮೈಮೇಲೆ ಎಳೆದುಕೊಂಡಳಲ್ಲ ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅತ್ತೆ ಹೇಳಿದ್ದನ್ನು ಒಬ್ಬರೂ ನಂಬಲಿಲ್ಲ. ಎಡಬಲ ನಾನೇ ತಪ್ಪಾಗಿ ಕೇಳಿಸಿಕೊಂಡಿರಬೇಕು ಎಂದುಕೊಂಡು ನಾನೂ ನಂಬಲಿಲ್ಲ. ಅಂದಿನಿಂದ ನಾನು ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ, ಅವರು ಕೂಗುವ ಮೊದಲೇ ಓಡಿದೆ, ತವರಿಗೆ ಹೋದರೂ ಎರಡೇ ದಿನಕ್ಕೆ ಮರಳಿದೆ.

ಅತ್ತೆ ತೀರಿಕೊಳ್ಳುವ ಹಿಂದಿನ ವರ್ಷದ ಈಸ್ಟರಿನಲ್ಲಿ ಇಬ್ಬರೂ ಕೂತು ತತ್ತಿಗೆ ಬಣ್ಣ ಹಚ್ಚುತ್ತಿದ್ದೆವು. ಅವರ ದೊಡ್ಡ ಮನಸ್ಸನ್ನು ನಾನು ಎಂದಿನಂತೆ ಹೊಗಳಿದೆ. ಅವರು ಕಡ್ಡಿ ಕೆಳಗಿಟ್ಟರು.

“ಅವತ್ತು ನಾ ಖರೇನೇ ಹೇಳಿದ್ದೆ ನೋಡವ್ವಾ. ಯಾರೂ ನಂಬಲಿಲ್ಲ. ನೀ ಇಷ್ಟು ಚಲೋ ನೋಡ್ಕೊಳ್ಳಿಕತ್ತಿದ್ದಿ, ಆಮ್ಯಾಲ ಯಾಕ ನಂಬಸಬೇಕು ಅಂತ ಸುಮ್ಮನಾದೆ.”

ನನಗೆ ಸಿಟ್ಟು ಬಂತು. ಎರಡು ತತ್ತಿಗೆ ಕಡ್ಡಿ ಒತ್ತಿ ಒತ್ತಿ ಬಣ್ಣ ಹಚ್ಚಿದೆ. ಮೂರನೆಯದು ಕೈಗೆತ್ತಿಕೊಂಡಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಈಗ ಅವರಿಲ್ಲದ ಹಬ್ಬದಲ್ಲಿ ಬಣ್ಣ ಕಲಸಲು ಕೂತರೆ ಆ ನಗುವೇ ಮೊದಲು ನೆನಪಾಗುತ್ತದೆ.

ಈ ವರ್ಷ ಔರಾದಿನಿಂದ ನಮ್ಮ ಮನೆಗೂ ಹೊಸ ಸೊಸೆ ಬಂದಿದ್ದಾಳೆ. ಅವಳಿಗೆ ಈ ಕಥೆಯನ್ನು ಹೆಂಗಸರು ಕಣ್ಣೊರೆಸಿಕೊಂಡಲ್ಲಿಗೆ ನಿಲ್ಲಿಸಿ ಹೇಳಿದ್ದೇನೆ. ಅತ್ತೆಯರ ಬಗ್ಗೆ ಅವಳಿಗಿರುವ ಒಳ್ಳೆಯ ಅಭಿಪ್ರಾಯವನ್ನು ನಾನೇ ಯಾಕೆ ಕೆಡಿಸಲಿ? ಈಗ ಈ ಮನೆಯಲ್ಲಿ ಅತ್ತೆ ನಾನೇ ಅಲ್ಲವೆ.